ದೇಹದೊಳಗಿನ ಉಪ್ಪು ಮತ್ತು ನೀರು

'ಉಪ್ಪು ತಿಂದವನು ನೀರು ಕುಡಿಯಲೇಬೇಕು' ಎಂಬ ಗಾದೆಯನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ತಪ್ಪು ಮಾಡಿದವನು ಅದರ ಫಲವನ್ನು ಅನುಭವಿಸಲೇಬೇಕೆಂಬ ಅರ್ಥದಲ್ಲಿ ಹಿರಿಯರು ಅದನ್ನು ಬಳಸುತ್ತ ಬಂದಿದ್ದಾರೆ. ಶರೀರಕ್ರಿಯಾಶಾಸ್ತ್ರವನ್ನು ಓದಿದವನಿಗೆ ಮಾತ್ರ ಆ ಗಾದೆಯ ನೇರವಾದ ಅರ್ಥವೇ ಹೆಚ್ಚು ಸ್ವಾರಸ್ಯಕರವಾಗಿ ತೋರುತ್ತದೆ. ಊಟದಲ್ಲಿ ಉಪ್ಪಿನಕಾಯಿ ತುಸು ಹೆಚ್ಚಾದರೆ ಅರ್ಧ ತಾಸಿನೊಳಗೆ ನಾವು ನೀರಿನ ತಂಬಿಗೆಯನ್ನು ಹುಡುಕುತ್ತೇವೆ. ಹೀಗೆ ಹುಡುಕುವಂತೆ ನಮಗೆ ಅಪ್ಪಣೆ ಮಾಡುವವರು ಯಾರು? ಕುಡಿದದ್ದು ಸಾಕೆಂದು ಹೇಳುವವರು ಯಾರು? ಈ ಪ್ರಶ್ನೆಗಳು ಮೊದಲನೆಯವು. ಗಾದೆಯನ್ನು ತಿರುಗಿಸಿದರೆ ಇನ್ನೊಂದು ಮಾತು ದೊರೆಯುತ್ತದೆ: ನೀರು ಕಳೆದುಕೊಂಡವನು ಉಪ್ಪನ್ನೂ ತಿನ್ನಬೇಕು. ಇದು ಮೊದಲಿನದರಷ್ಟೇ ನಿಜವಾದರೂ ನಮ್ಮಲ್ಲಿ ಗಾದೆಯಾಗಲಿಲ್ಲ. ಆಗಿದ್ದಿದ್ದರೆ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳು ಉಳಿಯುತ್ತಿದ್ದವು. ಈ ಎರಡು ಮಾತುಗಳನ್ನು ಶಿಕ್ಷಕ ಬಂಧುಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

60 ಕಿಲೋಗ್ರಾಂ ತೂಕವುಳ್ಳ ವಯಸ್ಕ ಪುರುಷನ ದೇಹದಲ್ಲಿ ಹೆಚ್ಚುಕಡಮೆ 36 ಲೀಟರ್ ನೀರು ಇರುತ್ತದೆ. ಸ್ತ್ರೀಯರಲ್ಲಿ ಈ ಪ್ರಮಾಣ ಸ್ವಲ್ಪ ಕಡಮೆ. ಹುಟ್ಟಿದ ಶಿಶುವಿನಲ್ಲಾದರೋ ತೂಕದ ಮುಕ್ಕಾಲು ಭಾಗ ನೀರೇ. ಈ ನೀರೆಲ್ಲ ಒಂದೇ ಕೊಳದಲ್ಲಿ ನಿಂತಂತೆ ನಿಂತಿಲ್ಲ. ಮೂರರಲ್ಲಿ ಎರಡು ಪಾಲು, ಎಂದರೆ ಸುಮಾರು 24 ಲೀಟರ್, ಅಸಂಖ್ಯಾತ ಜೀವಕೋಶಗಳ ಒಳಗೆ ಹಂಚಿಹೋಗಿದೆ. ಉಳಿದ 12 ಲೀಟರ್ ಜೀವಕೋಶಗಳ ಹೊರಗಿದ್ದು ಅವುಗಳನ್ನು ಸುತ್ತುವರಿದಿದೆ. ಈ ಹೊರಗಿನ ನೀರಿನಲ್ಲಿಯೂ ರಕ್ತನಾಳಗಳಲ್ಲಿ ಹರಿಯುವ ಪಾಲು ಮೂರು ಲೀಟರಿನಷ್ಟು ಮಾತ್ರ. ಹೃದಯವು ದೇಹದ ತುಂಬ ತಳ್ಳಿ ಕಳುಹಿಸುವ ರಕ್ತದ ದ್ರವಭಾಗವೆಂದರೆ ಇಷ್ಟೇ. ಇದು ಕುಗ್ಗಿದರೆ ಮೆದುಳಿಗೂ ಮೂತ್ರಪಿಂಡಕ್ಕೂ ರಕ್ತ ಸಾಲದೆ ಹೋಗುತ್ತದೆ.

ಒಳಗಿನ ನೀರಿಗೂ ಹೊರಗಿನ ನೀರಿಗೂ ಇರುವ ಮುಖ್ಯ ಭೇದ ಲವಣಗಳದು. ಹೊರಗಿನ ನೀರಿನಲ್ಲಿ ಸೋಡಿಯಮ್ ಹೇರಳ, ಪೊಟ್ಯಾಸಿಯಮ್ ಅತ್ಯಲ್ಪ. ಒಳಗೆ ಇದಕ್ಕೆ ವಿಪರ್ಯಾಯ. ನಾವು ಉಣ್ಣುವ ಉಪ್ಪೇ ಸೋಡಿಯಮ್ ಕ್ಲೋರೈಡ್ ಆದ್ದರಿಂದ, ಹೊರಗಿನ ನೀರನ್ನು ತಿಳಿಯಾದ ಉಪ್ಪುನೀರೆಂದು ಕರೆದರೆ ದೊಡ್ಡ ತಪ್ಪಾಗದು. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಸಲೈನ್ ದ್ರಾವಣದಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುವುದು ಈ ಸಾಮ್ಯದಿಂದಲೇ. ಇನ್ನು ಸೋಡಿಯಮ್ ಹೊರಗೇ ಉಳಿಯುವುದು ಹೇಗೆ? ಜೀವಕೋಶದ ಪೊರೆಯಲ್ಲಿ ಅದನ್ನು ಎಡೆಬಿಡದೆ ಹೊರದೂಡುವ ಒಂದು ಪಂಪಿದೆ. ಮೂರು ಸೋಡಿಯಮ್ ಕಣಗಳನ್ನು ಹೊರಗೆ ಕಳುಹಿಸಿ ಎರಡು ಪೊಟ್ಯಾಸಿಯಮ್ ಕಣಗಳನ್ನು ಒಳಗೆ ತರುವುದು ಅದರ ಕೆಲಸ. ಇದನ್ನು 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಗುರುತಿಸಿದರು. ನಾಲ್ವತ್ತು ವರ್ಷಗಳ ತರುವಾಯ, 1997ರಲ್ಲಿ, ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ನಾವು ನಿಶ್ಚಿಂತೆಯಾಗಿ ನಿದ್ರಿಸುತ್ತಿರುವಾಗಲೂ ಉಂಡ ಅನ್ನದ ಶಕ್ತಿಯ ದೊಡ್ಡದೊಂದು ಪಾಲು ಈ ಪಂಪುಗಳಿಗೇ ವ್ಯಯವಾಗುತ್ತಿರುತ್ತದೆ.

ಉಪ್ಪು ತಡೆಯಲ್ಪಡುತ್ತದೆ, ನೀರಿಗೆ ಮಾತ್ರ ಪೊರೆಯಲ್ಲಿ ತಕ್ಕಮಟ್ಟಿಗೆ ಮುಕ್ತದ್ವಾರವುಂಟು. ಇಲ್ಲಿಯೇ ಇಡೀ ವಿಷಯದ ಕೀಲಿ ಇದೆ. ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ, ಒಂದು ತೊಟ್ಟು ನೀರು ಹಾಕದಿದ್ದರೂ ಮರುದಿನ ಭರಣಿಯಲ್ಲಿ ನೀರು ಬಿಟ್ಟಿರುತ್ತದೆ, ಹೋಳುಗಳು ಸುಕ್ಕುಗಟ್ಟಿರುತ್ತವೆ. ಅದೇ ಒಣದ್ರಾಕ್ಷಿಯನ್ನು ಬರಿಯ ನೀರಿನಲ್ಲಿ ಹಾಕಿದರೆ ಉಬ್ಬುತ್ತದೆ. ಲವಣವಾಗಲಿ ಸಕ್ಕರೆಯಾಗಲಿ ಎಲ್ಲಿ ದಟ್ಟವಾಗಿದೆಯೋ ಅತ್ತ ನೀರು ಸರಿಯುತ್ತದೆ. ಇದನ್ನು ಅಭಿಸರಣವೆನ್ನುತ್ತಾರೆ. ನಮ್ಮ ಅಡುಗೆಮನೆಗಳಲ್ಲಿ ತಾಯಂದಿರು ಶತಮಾನಗಳಿಂದ ನಡೆಸಿಕೊಂಡು ಬಂದಿರುವ ಈ ಪ್ರಯೋಗವೇ ದೇಹದ ಪ್ರತಿಯೊಂದು ಜೀವಕೋಶದ ಅಂಚಿನಲ್ಲಿಯೂ ನಡೆಯುತ್ತಿದೆ. ಹೊರಗಿನ ನೀರು ಹೆಚ್ಚು ಉಪ್ಪಾದರೆ ಜೀವಕೋಶವು ಮಾವಿನ ಹೋಳಿನಂತೆ ಕುಗ್ಗುತ್ತದೆ. ಉಪ್ಪು ತೀರ ಕಡಮೆಯಾದರೆ ದ್ರಾಕ್ಷಿಯಂತೆ ಉಬ್ಬುತ್ತದೆ. ಕೈಕಾಲಿನ ಸ್ನಾಯು ತುಸು ಉಬ್ಬಿದರೆ ಸಹಿಸಬಹುದು. ಗಟ್ಟಿಯಾದ ತಲೆಬುರುಡೆಯೊಳಗೆ ಸೆರೆಯಾಗಿರುವ ಮೆದುಳು ಉಬ್ಬಿದರೆ ಅದಕ್ಕೆ ಹೋಗಲು ಎಡೆಯಿಲ್ಲ.

ಆದುದರಿಂದ ದೇಹವು ಉಪ್ಪಿನ ಹದವನ್ನು ಕಟ್ಟುನಿಟ್ಟಾಗಿ ಕಾಯುತ್ತದೆ. ಕಾವಲು ಎಲ್ಲಿದೆಯೆಂಬುದನ್ನು ತೋರಿಸಿಕೊಟ್ಟವರಲ್ಲಿ ಕೇಂಬ್ರಿಜ್ಜಿನ ಇ. ಬಿ. ವರ್ನಿ ಪ್ರಮುಖರು. ನಾಯಿಗಳ ಮೆದುಳಿಗೆ ಹೋಗುವ ರಕ್ತನಾಳದಲ್ಲಿ ಸ್ವಲ್ಪವೇ ಗಾಢವಾದ ಉಪ್ಪಿನ ದ್ರಾವಣವನ್ನು ಸೇರಿಸಿದಾಗ ಅವುಗಳ ಮೂತ್ರದ ಹರಿವು ಇಳಿದುಹೋಗುವುದೆಂದು ಅವರು 1947ರಲ್ಲಿ ಪ್ರಕಟಿಸಿದರು. ಮೆದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್ ಎಂಬಲ್ಲಿ ಉಪ್ಪಿನ ಹದವನ್ನು ನೋಡುವ ಕೋಶಗಳಿವೆ. ರಕ್ತದ ಗಾಢತೆ ನೂರಕ್ಕೆ ಒಂದೆರಡು ಪಾಲು ಏರಿದರೂ ಸಾಕು, ಅವು ಎಚ್ಚರಗೊಳ್ಳುತ್ತವೆ. ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೊಪ್ರೆಸ್ಸಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. 'ನೀರನ್ನು ಹಿಡಿದಿಡು' ಎಂಬ ಆಜ್ಞೆಯನ್ನು ಅದು ಮೂತ್ರಪಿಂಡಗಳಿಗೆ ಒಯ್ಯುತ್ತದೆ. ಇದರ ಜೊತೆಯಲ್ಲಿಯೇ ನೀರಡಿಕೆಯೂ ಹುಟ್ಟುತ್ತದೆ. ಸ್ವೀಡನ್ನಿನ ಬೆಂಗ್ಟ್ ಆಂಡರ್ಸನ್ 1950ರ ದಶಕದ ಆರಂಭದಲ್ಲಿ ಮೇಕೆಗಳ ಮೆದುಳಿನ ಇದೇ ಭಾಗಕ್ಕೆ ಉಪ್ಪುನೀರಿನ ಅತ್ಯಲ್ಪ ಅಂಶವನ್ನು ಮುಟ್ಟಿಸಿದಾಗ, ದೇಹದಲ್ಲಿ ನೀರಿಗೆ ಕೊರತೆಯೇ ಇಲ್ಲದಿದ್ದರೂ ಆ ಮೇಕೆಗಳು ಬಹಳ ದಿನ ನೀರು ಕಾಣದವುಗಳಂತೆ ಕುಡಿದವು. ನೀರಡಿಕೆ ಗಂಟಲಿನಲ್ಲಿ ಹುಟ್ಟುವುದೆಂದು ನಾವು ಭಾವಿಸುತ್ತೇವೆ. ಗಂಟಲು ಬರಿಯ ಡಂಗುರದವನು; ಅಪ್ಪಣೆ ಬರುವುದು ಮೇಲಿನಿಂದ.

ಇಲ್ಲೊಂದು ಸೋಜಿಗವನ್ನು ಹೇಳದೆ ಮುಂದುವರಿಯಲಾರೆ. ಬಿಸಿಲಿನಲ್ಲಿ ಬಂದವನು ಒಂದು ತಂಬಿಗೆ ನೀರು ಕುಡಿದೊಡನೆ 'ಅಬ್ಬಾ' ಎನ್ನುತ್ತಾನೆ. ಆ ನೀರಡಿಕೆ ನಿಮಿಷದೊಳಗೆ ಅಡಗುತ್ತದೆ. ಆದರೆ ಕುಡಿದ ನೀರು ಕರುಳನ್ನು ಸೇರಿ, ರಕ್ತಕ್ಕೆ ಬೆರೆತು, ಹದವನ್ನು ತಿದ್ದಲು ಹತ್ತಿಪ್ಪತ್ತು ನಿಮಿಷಗಳಾದರೂ ಬೇಕು. ಬಾಯಿ, ಗಂಟಲು, ಹೊಟ್ಟೆಗಳು 'ಇಷ್ಟು ಬಂದಿದೆ' ಎಂದು ಮೊದಲೇ ವರದಿ ಕಳುಹಿಸುತ್ತವೆ. ಮೆದುಳು ಅದನ್ನು ನಂಬಿ ಬಾಯಾರಿಕೆಯನ್ನು ತಡೆಹಿಡಿಯುತ್ತದೆ. ಹಾಗಲ್ಲದಿದ್ದರೆ ನಾವು ಪ್ರತಿಸಲವೂ ಬೇಕಾದುದಕ್ಕಿಂತ ಎರಡು ಮೂರು ಪಟ್ಟು ಕುಡಿದುಬಿಡುತ್ತಿದ್ದೆವು.

ಮೂತ್ರಪಿಂಡಗಳ ಕಾರ್ಯವನ್ನು ಅಂಕಿಗಳಲ್ಲಿ ನೋಡಿದರೇ ಅದರ ಅಗಾಧತೆ ತಿಳಿದೀತು. ಒಂದೊಂದು ಮೂತ್ರಪಿಂಡದಲ್ಲಿಯೂ ಸರಾಸರಿ ಹತ್ತು ಲಕ್ಷ ಸೋಸುವ ಘಟಕಗಳಿವೆ. ಇವೆರಡೂ ಸೇರಿ ದಿನವೊಂದಕ್ಕೆ ರಕ್ತದಿಂದ ಸೋಸುವ ದ್ರವ 180 ಲೀಟರ್. ಆ ದ್ರವದೊಂದಿಗೆ ಹೊರಬೀಳುವ ಉಪ್ಪನ್ನು ಲೆಕ್ಕ ಹಾಕಿದರೆ ಹತ್ತಿರಹತ್ತಿರ ಒಂದೂವರೆ ಕಿಲೋಗ್ರಾಂ ಆಗುತ್ತದೆ! ಇಷ್ಟನ್ನೂ ಹೊರಚೆಲ್ಲಿದರೆ ಯಾರೂ ಒಂದು ದಿನ ಬದುಕುವಂತಿಲ್ಲ. ಸೋಸಿದ ದ್ರವವು ಸಣ್ಣ ಸಣ್ಣ ನಳಿಕೆಗಳಲ್ಲಿ ಹರಿಯುವಾಗ ಹೆಚ್ಚಿನದೆಲ್ಲವೂ ರಕ್ತಕ್ಕೆ ಹಿಂದಿರುಗುತ್ತದೆ; ಕೊನೆಗೆ ಮೂತ್ರವಾಗಿ ಹೊರಹೋಗುವುದು ಒಂದೂವರೆ ಲೀಟರ್ ನೀರು ಮತ್ತು ನಾವು ಆ ದಿನ ತಿಂದಷ್ಟೇ ಗ್ರಾಂ ಉಪ್ಪು. ಬ್ರೆಜಿಲ್ ಮತ್ತು ವೆನೆಜುವೆಲಾದ ಕಾಡುಗಳಲ್ಲಿ ವಾಸಿಸುವ ಯಾನೊಮಾಮಿ ಜನರು ಸಾಂಪ್ರದಾಯಿಕವಾಗಿ ಉಪ್ಪನ್ನೇ ಬಳಸದವರು. 1988ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಅವರ ಮೂತ್ರದಲ್ಲಿ ಸೋಡಿಯಮ್ ಇಲ್ಲವೆನ್ನುವಷ್ಟು ಕಡಮೆಯಿತ್ತು. ಬಂದ ಒಂದೊಂದು ಕಣವನ್ನೂ ಅವರ ಮೂತ್ರಪಿಂಡಗಳು ಉಳಿಸಿಕೊಂಡಿದ್ದವು. ಮೂತ್ರಪಿಂಡಕ್ಕೂ ಒಂದು ಮಿತಿಯುಂಟು. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂನಷ್ಟು ಲವಣವಿದೆ. ಅಷ್ಟು ಉಪ್ಪಾದ ಮೂತ್ರವನ್ನು ಮನುಷ್ಯನ ಮೂತ್ರಪಿಂಡ ತಯಾರಿಸಲಾರದು. ಆದಕಾರಣ ಸಮುದ್ರದ ನೀರು ಕುಡಿದವನು ಆ ಉಪ್ಪನ್ನು ಹೊರಹಾಕಲು ತನ್ನ ದೇಹದ ನೀರನ್ನೇ ತೆರಬೇಕಾಗುತ್ತದೆ, ಕುಡಿದಷ್ಟೂ ಒಣಗುತ್ತಾನೆ.

ಇಲ್ಲಿಯವರೆಗೆ ಹೇಳಿದ್ದು ಉಪ್ಪಿನ ಹದದ ಮಾತು. ಹದವನ್ನು ದೇಹವು ನೀರಿನಿಂದ ತಿದ್ದುತ್ತದೆ. ಆದರೆ ಹೊರಗಿನ ನೀರಿನ ಒಟ್ಟು ಪ್ರಮಾಣ ಎಷ್ಟಿರಬೇಕೆಂಬುದನ್ನು ನಿರ್ಧರಿಸುವುದು ಉಪ್ಪು. ಇದು ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ. ದೇಹದಲ್ಲಿ ಉಪ್ಪು ಹೆಚ್ಚು ಉಳಿದರೆ ಹದ ಏರುತ್ತದೆ. ಹದ ಏರಿದರೆ ನೀರಡಿಕೆ. ಕುಡಿದ ನೀರು ಆ ಉಪ್ಪಿನ ಜೊತೆಗೇ ಹೊರಭಾಗದಲ್ಲಿ ನಿಲ್ಲುತ್ತದೆ. ಉಪ್ಪು ಹೋದರೆ ಅದನ್ನು ಹಿಡಿದುಕೊಂಡಿದ್ದ ನೀರೂ ಹೋಗುತ್ತದೆ. ಒಡೆಯನು ಹೋದ ಮನೆಯಲ್ಲಿ ಆಳು ನಿಲ್ಲದಂತೆ, ಉಪ್ಪಿಲ್ಲದ ಕಡೆ ನೀರು ನಿಲ್ಲದು. ಆದ್ದರಿಂದ ರಕ್ತದ ಪ್ರಮಾಣ ಇಳಿದಾಗ ದೇಹವು ಮೊದಲು ಉಪ್ಪನ್ನು ಕೂಡಿಡಲು ತೊಡಗುತ್ತದೆ. ಮೂತ್ರಪಿಂಡದಿಂದ ರೆನಿನ್ ಹೊರಡುತ್ತದೆ. ಅದರ ಪ್ರೇರಣೆಯ ಸರಣಿಯ ಕೊನೆಯಲ್ಲಿ ಅಡ್ರಿನಲ್ ಗ್ರಂಥಿಯಿಂದ ಆಲ್ಡೊಸ್ಟೆರೋನ್ ಬಂದು ನಳಿಕೆಗಳಲ್ಲಿ ಸೋಡಿಯಮನ್ನು ಹಿಂದಕ್ಕೆಳೆಯುತ್ತದೆ. ಪ್ರಮಾಣ ಮಿತಿಮೀರಿದಾಗ ಇದಕ್ಕೆ ವಿರುದ್ಧವಾದ ಹಾರ್ಮೋನನ್ನು ಹೃದಯವೇ ಸ್ರವಿಸುವುದೆಂಬುದು 1981ರಲ್ಲಿ ಗೊತ್ತಾಯಿತು. ಅಲ್ಲಿಯವರೆಗೆ ಹೃದಯವನ್ನು ಬರಿಯ ಪಂಪೆಂದು ಪಾಠ ಹೇಳುತ್ತಿದ್ದವರೆಲ್ಲ ತಮ್ಮ ಟಿಪ್ಪಣಿಗಳನ್ನು ತಿದ್ದಿಕೊಳ್ಳಬೇಕಾಯಿತು.

ಉಪ್ಪನ್ನು ಕಳೆದುಕೊಂಡ ಮನುಷ್ಯನ ಪಾಡು ಏನೆಂಬುದನ್ನು ಲಂಡನ್ನಿನ ವೈದ್ಯ ಆರ್. ಎ. ಮೆಕ್‌ಕ್ಯಾನ್ಸ್ 1936ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೋಡಬಹುದು. ಆರೋಗ್ಯವಂತ ಸ್ವಯಂಸೇವಕರಿಗೆ ಉಪ್ಪಿಲ್ಲದ ಆಹಾರವನ್ನು ಕೊಟ್ಟು, ದಿನದಿನವೂ ಬೆವರಿಳಿಸಿ, ಕುಡಿಯಲು ಮಾತ್ರ ನೀರನ್ನು ಯಥೇಚ್ಛವಾಗಿ ಒದಗಿಸಲಾಯಿತು. ನೀರಿಗೆ ಕೊರತೆಯಿಲ್ಲದಿದ್ದರೂ ಅವರ ತೂಕ ಇಳಿಯಿತು. ಆಹಾರ ರುಚಿಗೆಟ್ಟಿತು, ಸ್ನಾಯುಗಳು ಸೆಡೆತವು, ಆಯಾಸ ಆವರಿಸಿತು. ದೇಹವು ಮೊದಲ ದಿನಗಳಲ್ಲಿ ಹದವನ್ನು ಕಾಯುವುದಕ್ಕಾಗಿ ಕುಡಿದ ನೀರನ್ನು ಹೊರಹಾಕುತ್ತದೆ. ಕೊರತೆ ಬೆಳೆದಂತೆ ಹದ ಕೆಟ್ಟರೂ ಸರಿಯೇ, ರಕ್ತದ ಪ್ರಮಾಣ ಉಳಿಯಲೆಂದು ನೀರನ್ನು ಹಿಡಿಯತೊಡಗುತ್ತದೆ. ಇದಕ್ಕೂ ಮೊದಲೇ, 1920ರ ದಶಕದಲ್ಲಿ, ಇಂಗ್ಲೆಂಡಿನ ಬಿಸಿಯಾದ ಕಲ್ಲಿದ್ದಲು ಗಣಿಗಳಲ್ಲಿ ಬೆವರು ಸುರಿಸಿ ಬರಿಯ ನೀರು ಕುಡಿದ ಕಾರ್ಮಿಕರಿಗೆ ಅಸಹನೀಯವಾದ ಸ್ನಾಯುಸೆಳೆತ ಬರುತ್ತಿದ್ದುದನ್ನೂ, ನೀರಿಗೆ ಸ್ವಲ್ಪ ಉಪ್ಪು ಬೆರೆಸಿದಾಗ ಅದು ನಿಂತುದನ್ನೂ ಕೆ. ಎನ್. ಮಾಸ್ ಮತ್ತು ಜೆ. ಎಸ್. ಹಾಲ್ಡೇನ್ ವರದಿ ಮಾಡಿದ್ದರು. 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿಗಳು ನೆಲದಿಂದ 3 ಕಿಲೋಮೀಟರಿಗೂ ಕೆಳಗಿಳಿದಿದ್ದುವು. ಅಲ್ಲಿನ ಬಿಸಿಬಂಡೆಗಳ ನಡುವೆ ದುಡಿದವರ ಬೆವರಿಗೂ ಇದೇ ನಿಯಮ.

ಬರಿಯ ನೀರೇ ಅಪಾಯವಾಗುವ ಸಂದರ್ಭವೂ ಇದೆ. 2002ರ ಬೋಸ್ಟನ್ ಮ್ಯಾರಥಾನ್ ಓಟವನ್ನು ಮುಗಿಸಿದವರಲ್ಲಿ 488 ಮಂದಿಯ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಮ್ ಇರಬೇಕಾದುದಕ್ಕಿಂತ ಕೆಳಗಿತ್ತು. ಓಟದಲ್ಲಿ ತೂಕ ಹೆಚ್ಚಿಸಿಕೊಂಡವರು, ಎಂದರೆ ಬೆವರಿದ್ದಕ್ಕಿಂತ ಹೆಚ್ಚಾಗಿ ಕುಡಿದವರು, ಅವರಲ್ಲಿ ಅಧಿಕ. ಉಪ್ಪು ಅತಿಯಾಗುವ ಕೇಡು ನಮಗೆ ಇನ್ನೂ ಹತ್ತಿರದ್ದು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕನಿಗೆ ದಿನಕ್ಕೆ 5 ಗ್ರಾಂಗಿಂತ ಕಡಮೆ ಉಪ್ಪು ಸಾಕೆನ್ನುತ್ತದೆ. ನಮ್ಮ ದೇಶದ ಸಮೀಕ್ಷೆಗಳಲ್ಲಿ 8ರಿಂದ 11 ಗ್ರಾಂವರೆಗೆ ಕಂಡುಬಂದಿದೆ. ರಕ್ತದೊತ್ತಡ ಏರಲು ಇದೊಂದು ಮುಖ್ಯ ಕಾರಣ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಬಿಡಿರೆಂದು ಹೇಳುವ ಧೈರ್ಯ ನನಗಿಲ್ಲ, ನಾನೇ ಬಿಟ್ಟಿಲ್ಲ. ವಯಸ್ಸಾದಂತೆ ಕೈ ಹಿಡಿದು ಬಡಿಸಿಕೊಳ್ಳುವುದು ಲೇಸು.

ಇನ್ನು ನಾನು ಈ ಲೇಖನವನ್ನು ಬರೆಯಲು ಒಪ್ಪಿಕೊಂಡ ಕಾರಣಕ್ಕೆ ಬರುತ್ತೇನೆ. 1968ರ ಬೇಸಗೆ. ನಾನು ಐದನೆಯ ಇಯತ್ತೆ ಮುಗಿಸಿದ್ದೆ. ಮೂರು ವರ್ಷದ ನನ್ನ ತಮ್ಮನಿಗೆ ಒಂದು ಮಧ್ಯಾಹ್ನ ವಾಂತಿಭೇದಿ ಹಿಡಿಯಿತು. ಭೇದಿಯಾಗುವ ಮಗುವಿಗೆ ನೀರು ಕೊಟ್ಟರೆ ಅದೂ ಹೊರಗೇ ಹೋಗುತ್ತದೆ, ಹೊಟ್ಟೆಗೆ ವಿಶ್ರಾಂತಿ ಬೇಕು ಎಂಬುದು ಮನೆಯ ಹಿರಿಯರ ಮಾತು. ಔಷಧ ಕೊಡಲು ಬಂದವರೂ ಅದನ್ನೇ ಅಂದರು. ಮಗು ತಾನಾಗಿ ಹೋಗಿ ಕುಡಿಯದಂತೆ ನೋಡಿಕೊಳ್ಳಲು ನನ್ನನ್ನು ನೀರಿನ ಕೊಡದ ಬಳಿ ಕೂರಿಸಿದರು. ಅವನು ಎರಡು ಬಾರಿ ಬಂದು ಕೇಳಿದ. ನಾನು ಕೊಡಲಿಲ್ಲ. ಮೂರನೆಯ ಬಾರಿ ಎದ್ದು ಬರಲು ಅವನಿಗೆ ಶಕ್ತಿಯಿರಲಿಲ್ಲ. ಮರುದಿನ ಬೆಳಗಾಗುವ ಮುನ್ನ ತೀರಿಕೊಂಡ. ಅಂದು ಆ ಮನೆಯಲ್ಲಿ ಮಗುವಿಗೆ ಕೇಡು ಬಗೆದವರು ಯಾರೂ ಇರಲಿಲ್ಲ. ಅವ್ವ ರಾತ್ರಿಯೆಲ್ಲ ಅವನನ್ನು ಮಡಿಲಿನಿಂದ ಇಳಿಸಲಿಲ್ಲ. ಕರುಳಿಗೆ ವಿಶ್ರಾಂತಿ ಕೊಡಬೇಕೆಂಬ ಮಾತನ್ನು ಆ ಕಾಲದಲ್ಲಿ ಪಟ್ಟಣದ ವೈದ್ಯರಲ್ಲಿಯೂ ಅನೇಕರು ನಂಬಿದ್ದರು.

ಭೇದಿಯಲ್ಲಿ ನಡೆಯುವುದೇನು? ನಾವು ಕುಡಿಯುವ ಎರಡು ಲೀಟರ್ ಮತ್ತು ಬಾಯಿ, ಜಠರ, ಕರುಳುಗಳೇ ಸ್ರವಿಸುವ ಏಳು ಲೀಟರ್, ಒಟ್ಟು ಒಂಬತ್ತು ಲೀಟರ್ ದ್ರವ ದಿನವೂ ಕರುಳಿಗೆ ಬರುತ್ತದೆ. ಆರೋಗ್ಯದಲ್ಲಿ ಅದರಲ್ಲಿ ಹೊರಗೆ ಹೋಗುವುದು ಒಂದೆರಡು ಲೋಟದಷ್ಟೂ ಇಲ್ಲ. ಕಾಲರಾ ರೋಗಾಣುವಿನ ವಿಷವು ಕರುಳಿನ ಕೋಶಗಳಿಂದ ಲವಣವನ್ನು ಹೊರಚೆಲ್ಲಿಸುತ್ತದೆ. ಲವಣದ ಬೆನ್ನಿಗೆ ನೀರು. ಒಂದೇ ದಿನದಲ್ಲಿ ಹತ್ತಿಪ್ಪತ್ತು ಲೀಟರ್ ಹೋಗುವುದುಂಟು. ಇಂಗ್ಲೆಂಡಿನಲ್ಲಿ 1831-32ರಲ್ಲಿ ಕಾಲರಾ ರೋಗಿಗಳ ರಕ್ತವನ್ನು ಪರೀಕ್ಷಿಸಿ ಅದರಲ್ಲಿ ನೀರು, ಲವಣಗಳು ನಷ್ಟವಾಗಿರುವುದನ್ನು ತೋರಿಸಿದ ತರುಣ ವೈದ್ಯ ಓಶಾನೆಸಿ. (ಇದೇ ವ್ಯಕ್ತಿ ಮುಂದೆ ಕಲ್ಕತ್ತೆಗೆ ಬಂದು ಭಾರತದಲ್ಲಿ ತಂತಿ ಇಲಾಖೆಯನ್ನು ಕಟ್ಟಿದರು.) ಅವರ ಬರಹವನ್ನು ಓದಿದ ಸ್ಕಾಟ್ಲೆಂಡಿನ ತಾಮಸ್ ಲಾಟಾ 1832ರಲ್ಲಿ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರನ್ನು ಹರಿಸಿ ಕೆಲವರನ್ನು ಬದುಕಿಸಿದರು. ಸೂಜಿ, ಬಾಟಲಿ, ಶುದ್ಧವಾದ ದ್ರಾವಣ, ಕೈ ಪಳಗಿದವರು ಇದ್ದಲ್ಲಿ ಆ ವಿಧಾನ ಇಂದಿಗೂ ಪ್ರಾಣದಾಯಕ. ಅವು ಯಾವುವೂ ಇಲ್ಲದ ಹಳ್ಳಿಯಲ್ಲಿ ಮಾಡುವುದೇನು? ಬಾಯಿಯಿಂದಲೇ ಉಪ್ಪುನೀರು ಕುಡಿಸಿದರೆ ಕರುಳು ಅದನ್ನು ಸಾಕಷ್ಟು ಹೀರುತ್ತಿರಲಿಲ್ಲ. ಭೇದಿ ಕೆಲವೊಮ್ಮೆ ಹೆಚ್ಚುತ್ತಿತ್ತು.

ಕೊರತೆಯಾಗಿದ್ದುದು ಸಕ್ಕರೆ. ಅಮೆರಿಕದ ರಾಬರ್ಟ್ ಕ್ರೇನ್ 1960ರ ಆಗಸ್ಟ್‌ನಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಒಂದು ವಿಚಾರವನ್ನು ಮಂಡಿಸಿದರು. ಕರುಳಿನ ಕೋಶಗಳಲ್ಲಿ ಗ್ಲೂಕೋಸನ್ನೂ ಸೋಡಿಯಮನ್ನೂ ಜೊತೆಯಾಗಿಯೇ ಒಳಗೆ ಬಿಡುವ ಒಂದು ಬಾಗಿಲಿದೆಯೆಂಬುದೇ ಆ ವಿಚಾರ. ಜೋಡಿಯಿಲ್ಲದೆ ಬಂದರೆ ಆ ಬಾಗಿಲು ತೆರೆಯದು. ಜೋಡಿ ಒಳಹೊಕ್ಕರೆ ನೀರು ಹಿಂಬಾಲಿಸುತ್ತದೆ. ಕಾಲರಾ ವಿಷವು ಈ ಬಾಗಿಲನ್ನು ಕೆಡಿಸುವುದಿಲ್ಲವೆಂಬುದು ಮನುಷ್ಯಕುಲದ ಭಾಗ್ಯ. ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿಯವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕಾಲರಾ ರೋಗಿಗಳಿಗೆ ಬಾಯಿಯಿಂದ ಕೊಟ್ಟು 1953ರಲ್ಲಿಯೇ ಪ್ರಕಟಿಸಿದ್ದರು. ಅದಕ್ಕೆ ಆಗ ಸಲ್ಲಬೇಕಾದ ಗಮನ ಸಲ್ಲಲಿಲ್ಲ. ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಯುವ ವೈದ್ಯರು ತೀವ್ರ ಕಾಲರಾದ ರೋಗಿಗಳಲ್ಲಿ ಈ ದ್ರಾವಣದ ಗುಣವನ್ನು ಅಳತೆಯಿಂದ ಸ್ಥಾಪಿಸಿದ ವರ್ಷ 1968. ಅದೇ ವರ್ಷದ ಬೇಸಗೆಯಲ್ಲಿ ನಾನು ಕೊಡದ ಬಳಿ ಕುಳಿತಿದ್ದೆ.

ಆಸ್ಪತ್ರೆಯ ಹೊರಗೆ ಇದರ ಪರೀಕ್ಷೆಯಾದದ್ದು 1971ರಲ್ಲಿ. ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಬಂದರು. ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಅಲ್ಲಿಗೆ ಹೋದ ಡಾ. ದಿಲೀಪ್ ಮಹಾಲನಬೀಸ್ ಕಂಡದ್ದು ಆಸ್ಪತ್ರೆಯ ಎರಡು ಕೋಣೆಗಳ ನೆಲದ ಮೇಲೆ, ಮಲ ಮತ್ತು ವಾಂತಿಯ ನಡುವೆ, ಒತ್ತೊತ್ತಾಗಿ ಮಲಗಿದ್ದ ರೋಗಿಗಳನ್ನು. ಸಲೈನ್ ದಾಸ್ತಾನು ಬೇಗನೆ ಮುಗಿಯುತ್ತ ಬಂತು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡ: ಈ ಲೆಕ್ಕದಲ್ಲಿ ಕಲ್ಕತ್ತೆಯಲ್ಲಿ ಪುಡಿಯನ್ನು ತೂಗಿ, ಪಾಲಿಥೀನ್ ಚೀಲಗಳಲ್ಲಿ ಕಟ್ಟಿ ತರಿಸಿದರು. ಕುಡಿಸುವ ಕೆಲಸವನ್ನು ರೋಗಿಯ ತಾಯಿಗೂ, ಅಣ್ಣನಿಗೂ, ಅಕ್ಕಪಕ್ಕದವರಿಗೂ ಒಪ್ಪಿಸಿದರು. ವೈದ್ಯರಲ್ಲದವರ ಕೈಗೆ ಚಿಕಿತ್ಸೆಯನ್ನು ಕೊಡುವುದು ಆಗ ಸಣ್ಣ ಸಾಹಸವಲ್ಲ. ನೂರಕ್ಕೆ ಸುಮಾರು 30ರಷ್ಟಿದ್ದ ಮರಣ ಅಲ್ಲಿ 3.6ಕ್ಕೆ ಇಳಿಯಿತು. ಆ ವರದಿ 1973ರಲ್ಲಿ ಅಚ್ಚಾಯಿತು. ಆ ದಶಕದ ಅಂತ್ಯದೊಳಗೆ ವಿಶ್ವ ಆರೋಗ್ಯ ಸಂಸ್ಥೆಯು ಈ ದ್ರಾವಣವನ್ನು ಜಗತ್ತಿಗೆಲ್ಲ ಪ್ರಚಾರ ಮಾಡಿತು. ಡಾ. ಮಹಾಲನಬೀಸ್ 2022ರ ಅಕ್ಟೋಬರಿನಲ್ಲಿ ನಿಧನರಾದರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಣೆಯಾಯಿತು. ಬದುಕಿದ್ದಾಗ ಕೊಟ್ಟಿದ್ದರೆ ಚೆನ್ನಾಗಿತ್ತು.

ನಾವು ಓ.ಆರ್.ಎಸ್. ಎಂದೂ ಜೀವಜಲವೆಂದೂ ಕರೆಯುವುದು ಇದನ್ನೇ. ಇದರ ಹದವನ್ನು 2002ರಲ್ಲಿ ತುಸು ತೆಳುವಾಗಿಸಲಾಯಿತು. ಈಗಿನ ಲೀಟರ್ ಲೆಕ್ಕದಲ್ಲಿ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಸಿಟ್ರೇಟ್ 2.9 ಗ್ರಾಂ, ಪೊಟ್ಯಾಸಿಯಮ್ ಕ್ಲೋರೈಡ್ 1.5 ಗ್ರಾಂ ಇರುತ್ತವೆ. ಸಕ್ಕರೆ ಹೆಚ್ಚು ಹಾಕಿದರೆ ಇನ್ನೂ ಒಳ್ಳೆಯದೆಂದು ತಿಳಿಯಬಾರದು. ಕರುಳಿನಲ್ಲಿ ಉಳಿದ ಸಕ್ಕರೆ ಮಾವಿನ ಭರಣಿಯ ಉಪ್ಪಿನಂತೆ ನೀರನ್ನು ತನ್ನತ್ತ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಓ.ಆರ್.ಎಸ್. ಎಂಬ ಅಕ್ಷರಗಳನ್ನು ಮುದ್ರಿಸಿಕೊಂಡು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳ ದೋಷವೂ ಇದೇ; 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಆ ಹೆಸರಿನ ಬಳಕೆಯನ್ನು ನಿಷೇಧಿಸಿತು. ಪೊಟ್ಟಣವನ್ನು ಕೊಳ್ಳುವಾಗ ಮೇಲಿನ ಸೂತ್ರವನ್ನು ಹೋಲಿಸಿ ನೋಡುವುದು ಒಳ್ಳೆಯದು. ನಮ್ಮ ಅಜ್ಜಿಯರು ಉಪ್ಪು ಹಾಕಿ ಕೊಡುತ್ತಿದ್ದ ಅನ್ನದ ಗಂಜಿಯೂ ಈ ಶಾಸ್ತ್ರಕ್ಕೆ ಹೊರತಲ್ಲ. ಅಕ್ಕಿಯ ಪಿಷ್ಟವು ಕರುಳಿನಲ್ಲಿ ಒಡೆದು ನಿಧಾನವಾಗಿ ಗ್ಲೂಕೋಸಾಗುತ್ತದೆ. ಅಕ್ಕಿಯಿಂದ ಮಾಡಿದ ದ್ರಾವಣಗಳನ್ನು 1980ರ ದಶಕದಲ್ಲಿ ಢಾಕಾದಲ್ಲಿಯೇ ಪರೀಕ್ಷಿಸಿ ಒಪ್ಪಿದ್ದಾರೆ. ನಮ್ಮ ಓಣಿಯಲ್ಲಿಯೇ, ಅದೇ ಬೇಸಗೆಯಲ್ಲಿ, ಭೇದಿಯಾದ ಮೊಮ್ಮಗನಿಗೆ ಯಾರ ಮಾತನ್ನೂ ಕೇಳದೆ ಉಪ್ಪಿನ ಗಂಜಿಯ ತಿಳಿಯನ್ನು ಗುಟುಕು ಗುಟುಕಾಗಿ ಹಾಕಿದ ಒಬ್ಬ ಮುದುಕಿಯಿದ್ದಳು. ಆ ಹುಡುಗ ಉಳಿದ.

ಶಾಲೆ, ವಿದ್ಯಾರ್ಥಿ ನಿಲಯಗಳನ್ನು ನಡೆಸುವವರಿಗೆ ಉಪಯೋಗವಾಗುವ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಒಂದು ತಾಸಿನ ಕವಾಯತಿಗೆ ಬರಿಯ ನೀರು ಸಾಕು. ಬೆವರಿನಲ್ಲಿ ಹೋದ ಉಪ್ಪನ್ನು ಮಧ್ಯಾಹ್ನದ ಊಟವೇ ತುಂಬುತ್ತದೆ. ಬೇಸಗೆಯಲ್ಲಿ ದಿನವಿಡೀ ಕ್ರೀಡಾಕೂಟ ನಡೆಯುವಾಗ ಉಪ್ಪು ಹಾಕಿದ ನೀರುಮಜ್ಜಿಗೆಯನ್ನು ಇಡುವುದು ಯೋಗ್ಯ. ವಾಂತಿಭೇದಿ ಕಾಣಿಸಿಕೊಂಡ ಹುಡುಗನಿಗೆ ಮೊದಲ ಭೇದಿಯಿಂದಲೇ ಜೀವಜಲವನ್ನು ಪ್ರಾರಂಭಿಸಬೇಕು. ಬಾಯಿ ಒಣಗುವವರೆಗೆ ಕಾಯಬಾರದು. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಕೂಸಿಗೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್, ದೊಡ್ಡವರಿಗೆ ಕುಡಿದಷ್ಟು. ವಾಂತಿಯಾದರೆ ಹತ್ತು ನಿಮಿಷ ತಡೆದು ಚಮಚದಿಂದ ಮತ್ತೆ ಕೊಡಬೇಕು. ಎದೆಹಾಲನ್ನಾಗಲಿ ಊಟವನ್ನಾಗಲಿ ನಿಲ್ಲಿಸಬಾರದು. ಮಕ್ಕಳಿಗೆ ಸತುವಿನ ಮಾತ್ರೆಯನ್ನೂ ಕೊಡಬೇಕೆಂದು 2004ರಿಂದ ಶಿಫಾರಸಿದೆ. ಅದರ ಪ್ರಮಾಣವನ್ನು ವೈದ್ಯರಿಂದ ತಿಳಿಯಬೇಕು. ಕಣ್ಣು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಮಡಿಕೆ ಮೆಲ್ಲಗೆ ಇಳಿಯುತ್ತಿದ್ದರೆ, ಮಗು ಮಂಪರಿನಲ್ಲಿದ್ದರೆ, ಕುಡಿಯಲಾರದಿದ್ದರೆ, ಮಲದಲ್ಲಿ ರಕ್ತವಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದಾರಿಯಲ್ಲಿಯೂ, ಅವನು ಕುಡಿಯಬಲ್ಲವನಾದರೆ, ಕುಡಿಸುತ್ತಲೇ ಇರಬೇಕು.

ಪೊಟ್ಟಣ ದೊರೆಯದಿದ್ದಲ್ಲಿ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಚಹಾ ಚಮಚದಿಂದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕರಗಿಸಬೇಕು. ಚಮಚವನ್ನು ರಾಶಿ ಮಾಡದೆ ಬೆರಳಿನಿಂದ ಸಮ ಮಾಡಿಕೊಳ್ಳಬೇಕು. ದಿನ ಕಳೆದರೆ ಉಳಿದದ್ದನ್ನು ಚೆಲ್ಲಿ ಹೊಸದಾಗಿ ಮಾಡಬೇಕು. ಮಗುವಿನ ಬಾಯಿಗೆ ಇಡುವ ಮೊದಲು ಮಾಡಿದವರು ಒಂದು ಗುಟುಕು ರುಚಿ ನೋಡಬೇಕು. ಕಣ್ಣೀರಿಗಿಂತ ಹೆಚ್ಚು ಉಪ್ಪೆನಿಸಿದರೆ ಅದನ್ನು ಚೆಲ್ಲಿ ಮತ್ತೆ ಕಲಸಬೇಕು.